ಒಂದೇ ರಸ್ತೆ, ಮೂರು ಹೆಸರು | ಮೈಸೂರು ವ್ಲಾಗ್

ಇದು ಲಕ್ಷ್ಮೀ ವೆಂಕಟರಮಣಸ್ವಾಮಿ ದೇವಸ್ಥಾನ. ಇಲ್ಲಿಂದ ಹೊರವರ್ತುಲ ರಸ್ತೆ ಜಂಕ್ಷನ್‌ವರೆಗೆ, ಹೆಸರಿನ ಜಗಳ ಇಷ್ಟೇ ಉದ್ದದ ರಸ್ತೆಗೆ. 2024ರ ಡಿಸೆಂಬರ್‌ನಲ್ಲಿ ಪಾಲಿಕೆಯವರು ಇದಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಅಂತ ಹೆಸರಿಡ್ತೀವಿ, ಆಕ್ಷೇಪಣೆ ಇದ್ರೆ 30 ದಿನದೊಳಗೆ ಕೊಡಿ ಅಂತ ಪ್ರಕಟಣೆ ಹಾಕಿದ್ರು. ಆಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರ್ಲಿಲ್ಲ, ಅದು ಬೇರೆ ಮಾತು. ಇದು ಪ್ರಿನ್ಸೆಸ್ ರಸ್ತೆ ಅಂತ ಒಂದು ಗುಂಪು, ಅಲ್ಲ ಕೆ.ಆರ್.ಎಸ್. ರಸ್ತೆ ಅಂತ ಇನ್ನೊಂದು.

ಪ್ರಿನ್ಸೆಸ್ ಅಂದ್ರೆ ಕೃಷ್ಣಾಜಮ್ಮಣ್ಣಿ, ನಾಲ್ವಡಿಯವರ ಸೋದರಿ. ಕ್ಷಯ ಅವರನ್ನೂ ಬಿಡಲಿಲ್ಲ, ಅವರ ಹೆಣ್ಣುಮಕ್ಕಳನ್ನೂ ಬಿಡಲಿಲ್ಲ. ಅವರ ನೆನಪಿಗೇ ಇಲ್ಲಿನ ಪಿ.ಕೆ.ಟಿ.ಬಿ. ಸ್ಯಾನಿಟೋರಿಯಂ, ಅಂದ್ರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಹೆಸರಿನ ಕ್ಷಯದ ಆಸ್ಪತ್ರೆ.

ಬದುಕಿರೋರ ಹೆಸರು ರಸ್ತೆಗೆ ಇಡಲೇಬಾರದು. ಆದ್ರೆ ತಡೀರಿ, ಕೃಷ್ಣರಾಜಸಾಗರ ಅಂತ ಹೆಸರಿಟ್ಟಾಗ ನಾಲ್ವಡಿಯವರೂ ಇದ್ದರಲ್ಲ. ಹಂಗಾದ್ರೆ ಈ ವಾದ ಬಿಟ್ಟುಬಿಡೋಣ. ಯಾರು ದೊಡ್ಡವರು ಅನ್ನೋ ಚರ್ಚೆ ಪತ್ರಿಕೆಗೆ ಸರಿ, ಪಾಲಿಕೆಗೆ ಕೊಡೋ ಆಕ್ಷೇಪಣೆ ಅರ್ಜಿಗೆ ದಂಡ.

ಆ 30 ದಿನ ಮುಗಿದಿದೆ, ಆದ್ರೂ ಇಂಥ ಅರ್ಜಿಯಲ್ಲಿ ಬೇಕಾಗಿರೋದು ಎರಡು. ಎಲ್ಲಿಂದ ಎಲ್ಲಿವರೆಗೆ ಅನ್ನೋದು, ಆಮೇಲೆ ಹಳೇ ಕಾಗದ. ‘ಕೆ.ಆರ್.ಎಸ್. ರಸ್ತೆ’ ಅಂತ ಮಾತ್ರ ಬರೆದ್ರೆ ಯಾವ ತುಂಡಿನ ಮಾತು ಅಂತ ಗೊತ್ತಾಗಲ್ಲ, ಈ ರಸ್ತೆ ಕೆ.ಆರ್.ಎಸ್. ಅಣೆಕಟ್ಟೆ ಕಡೆಗೆ ಹೋಗ್ತಾನೇ ಇರುತ್ತೆ. ಕಾಗದ ಅಂದ್ರೆ ಎಲ್ಲರೂ ಅರಮನೆ ಕಡತ ಹುಡುಕ್ತಾರೆ. ಮನೇಲಿರೋ ಹಳೇ ಕ್ರಯಪತ್ರ ತೆಗೀರಿ ಮೊದಲು! ಚೆಕ್ಕುಬಂದಿ, ಅಂದ್ರೆ ಜಾಗದ ನಾಲ್ಕೂ ದಿಕ್ಕಿನ ಗಡಿ ಬರೆದಿರೋ ಭಾಗ ನೋಡಿ. ‘ಪೂರ್ವಕ್ಕೆ ಇಂಥ ರಸ್ತೆ’ ಅಂತ ಇರುತ್ತಲ್ಲ, ಅದೇ ಸಾಲು. ನೋಂದಣಿಯಾದ ವರ್ಷ ಕಾಣೋ ಪುಟಾನೂ ಸೇರಿಸಿ ಜೆರಾಕ್ಸ್ ಮಾಡಿಸಿ. ಹಳೇ ಕಂದಾಯ ರಸೀದಿ ಇದ್ರೆ ಅದನ್ನೂ. ಅರ್ಜಿ ಎರಡು ಪ್ರತಿ, ಒಂದಕ್ಕೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ. ಮುದ್ರೆ ಇಲ್ಲದಿದ್ರೆ ಗಡುವಿನೊಳಗೆ ಕೊಟ್ರಿ ಅನ್ನೋದಕ್ಕೆ ಸಾಕ್ಷಿನೇ ಇಲ್ಲ. ವಾಟ್ಸಾಪ್‌ನಲ್ಲಿ ಬೈದದ್ದು ಆಕ್ಷೇಪಣೆ ಅಲ್ಲ ಸ್ವಾಮಿ.

ಇದೇ ಸ್ಯಾನಿಟೋರಿಯಂ ಜಾಗ, ಪಕ್ಕದಲ್ಲೇ ಜಯದೇವ ಆಸ್ಪತ್ರೆ. ‘ಆರೋಗ್ಯ’ ಬಂದಿದ್ದು ಇದರಿಂದ.

ನನಗೆ ನಿಜವಾಗಿ ಕಿರಿಕಿರಿ ಆಗೋದು ಬೇರೆ. ಯಾರ ಹೆಸರು ಇಟ್ರೂ ಇಂಗ್ಲಿಷಿನ ಎರಡು ಮೂರು ಅಕ್ಷರಕ್ಕೆ ಇಳಿಸ್ತೀವಲ್ಲ! ಝಾನ್ಸಿ ಲಕ್ಷ್ಮೀಬಾಯಿ ಇಲ್ಲಿ ಜೆ.ಎಲ್.ಬಿ. ಬೆಂಗಳೂರಲ್ಲಿ ಜಯಚಾಮರಾಜೇಂದ್ರರು ಜೆ.ಸಿ. ರೋಡು. ಎಸ್.ಪಿ. ರೋಡಲ್ಲಿ ವೈರು, ಕೇಬಲ್ಲು ಕೊಳ್ಳೋ ಎಷ್ಟು ಜನಕ್ಕೆ ಸಾದರ ಪಟ್ರಪ್ಪ ಗೊತ್ತು? ಗೊತ್ತು ಅನ್ನೋರಲ್ಲೂ ಅರ್ಧ ಜನ ‘ಸರ್ದಾರ್’ ಅಂತಾರೆ. ಕೃಷ್ಣರಾಜಸಾಗರ ಅಂತೂ ಕೆ.ಆರ್.ಎಸ್. ಆಗಿ ಯಾವ ಕಾಲ ಆಯ್ತೋ. ಆರೋಗ್ಯ ಮಾರ್ಗ ಆದ್ರೂ ಆಟೋದವರ ಬಾಯಲ್ಲಿ ‘ಎಸ್.ಎ. ರೋಡ್’ ಆಗೋಕೆ ವರ್ಷ ಬೇಡ. ಇನ್ನು ‘ಪ್ರಿನ್ಸೆಸ್’ ಅಂದಾಗ ಕೃಷ್ಣಾಜಮ್ಮಣ್ಣಿ ಹೆಸರೇ ಅದರೊಳಗಿಲ್ಲ, ಬರೀ ಪದವಿ. ಉಳಿಸಲೇಬೇಕು ಅಂದ್ರೆ ಪೂರ್ತಿ ‘ಕೃಷ್ಣಾಜಮ್ಮಣ್ಣಿ ರಸ್ತೆ’ ಅಂತ ಕೇಳಿ, ಫಲಕದಲ್ಲೂ ಹಾಗೇ ಬರೀಬೇಕು ಅಂತ ಅರ್ಜೀಲೇ ಸೇರಿಸಿ…

ಓ, ರಿಂಗ್ ರೋಡ್ ಬಂದೇಬಿಡ್ತು. ಜಗಳದ ತುಂಡು ಇಲ್ಲಿಗೆ ಮುಗೀತು, ಎಡಕ್ಕೆ ತಿರುಗ್ತಿದೀವಿ.