ಚೊಚ್ಚಲ ಮರಿಗೆ ಹೋಗುವ ವಿಷ

ಕೇಳುಗರಿಗೆ ನಮಸ್ಕಾರ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಲೆ ಬಿಡುವವರಿಗೆ ನೀರುನಾಯಿ ಹೊಸದಲ್ಲ. ರಂಗನತಿಟ್ಟಿಗೆ ಹಕ್ಕಿ ನೋಡಲು ಹೋದ ಕೆಲವರಿಗೂ ಕಂಡಿರುತ್ತದೆ. ಮೀನೇ ಅದರ ಊಟ. ಮೀನಿನ ಮೈಯಲ್ಲಿ ಇರುವುದೆಲ್ಲ ಅದರ ಮೈಗೂ ಸೇರುತ್ತದೆ, ಅಲ್ವಾ?

ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ರಾಸಾಯನಿಕ ಬಳಸುತ್ತಿದ್ದರು. ಅದೂ ಡಿಡಿಟಿ ಎಂಬ ಕೀಟನಾಶಕವೂ ನೀರಲ್ಲಿ ಕರಗುವುದು ತೀರಾ ಕಡಿಮೆ, ಕೊಬ್ಬಿನಲ್ಲಿ ಉಳಿದುಬಿಡುತ್ತವೆ. ಸಣ್ಣ ಮೀನಿಂದ ದೊಡ್ಡ ಮೀನಿಗೆ, ಅದನ್ನು ತಿನ್ನುವ ಪ್ರಾಣಿಗೆ ಹೋಗುತ್ತಾ ಜಾಸ್ತಿಯಾಗುತ್ತವೆ. ಪ್ರಾಣಿ ಕೂಡಲೇ ಸಾಯುವುದಿಲ್ಲ. ಓಡಾಡಿಕೊಂಡೇ ಇರುತ್ತದೆ. ಮರಿಯಾಗುವುದು ಮಾತ್ರ ಕಡಿಮೆಯಾಗುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳನ್ನು ಎರಡು ಗುಂಪು ಮಾಡಿ ಸಾಕಿದರು. ಒಂದಕ್ಕೆ ಕೊಳೆಯಾದ ವಾಡನ್ ಸಮುದ್ರದ ಮೀನು, ಇನ್ನೊಂದಕ್ಕೆ ಅಟ್ಲಾಂಟಿಕ್‌ನದು. ವಾಡನ್ ಮೀನು ತಿಂದವಕ್ಕೆ ಮರಿಗಳಾಗಿದ್ದು ಬಹಳ ಕಡಿಮೆ. ಇದು 1986ರಲ್ಲಿ ಪ್ರಕಟವಾಯಿತು. 2016ರಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದಲ್ಲಿ ಲುಲು ಎಂಬ ಓರ್ಕಾ ತಿಮಿಂಗಿಲ ಸತ್ತು ಬಿದ್ದಿತ್ತು. ವಯಸ್ಸು 20 ದಾಟಿತ್ತು. ಅಂಡಾಶಯ ನೋಡಿದರೆ ಒಮ್ಮೆಯೂ ಬಸಿರಾದ ಗುರುತಿಲ್ಲ. ಮೈಯಲ್ಲಿ ವಿಪರೀತ ಪಿಸಿಬಿ.

ನನಗೆ ಸಂಕಟವಾಗುವುದು ಬಸಿರಾದವುಗಳ ಕಥೆ ಕೇಳಿದಾಗ. ಗಂಡು ತಿಮಿಂಗಿಲ ಈ ವಿಷವನ್ನು ಸಾಯುವ ತನಕ ಹೊತ್ತಿರುತ್ತದೆ. ಹೆಣ್ಣು ಹಾಲೂಡಿಸುವಾಗ ಕೊಬ್ಬು ಕರಗುತ್ತದೆ, ಕೊಬ್ಬಿನ ಜೊತೆ ವಿಷವೂ ಹಾಲಿಗೆ ಇಳಿಯುತ್ತದೆ. ವರ್ಷಗಳಿಂದ ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಚೊಚ್ಚಲ ಮರಿಗೆ. ಆಮೇಲೆ ಹುಟ್ಟಿದವಕ್ಕೆ ಕಡಿಮೆ. ತಾಯಿ ಎಷ್ಟು ಚೆನ್ನಾಗಿ ಹಾಲೂಡಿಸಿದರೆ ಅಷ್ಟು ವಿಷ. ಇದಕ್ಕಿಂತ ಅನ್ಯಾಯ ಇನ್ನೇನಿದೆ?

ಆದರೆ ತಡೆದರೆ ಫಲ ಇದೆ. ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ಡೀಲ್ಡ್ರಿನ್‌ನಂಥ ಕೀಟನಾಶಕಗಳಿಂದ ನೀರುನಾಯಿಗಳು ಬಹುತೇಕ ಮಾಯವಾದವು. ಅವನ್ನು ನಿಲ್ಲಿಸಿದ ಮೇಲೆ ನಿಧಾನವಾಗಿ ಮರಳಿದವು. 2011ರ ಹೊತ್ತಿಗೆ ಅಲ್ಲಿನ ಎಲ್ಲ ಕೌಂಟಿಗಳಲ್ಲೂ, ಅಂದರೆ ಜಿಲ್ಲೆಗಳಲ್ಲೂ ಇದ್ದವು. ನಮ್ಮಲ್ಲೂ ಡಿಡಿಟಿಯನ್ನು ಬೆಳೆಗೆ ಹೊಡೆಯುವುದು 1989ರಲ್ಲೇ ನಿಂತಿತು. ಎಂಡೋಸಲ್ಫಾನ್ ಎಂಬ ಕೀಟನಾಶಕ 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು.

ಈಗಿನ ಔಷಧಿಗಳು ಅಷ್ಟು ವರ್ಷ ಉಳಿಯುವುದಿಲ್ಲ, ನಿಜ. ಹಾಗಂತ ಸುಮ್ನೆ ನಾಲೆಗೆ ಬಿಡಬಹುದೇ? ಗದ್ದೆಗೆ ಔಷಧಿ ಹೊಡೆದ ಸಂಜೆ ನಾಲೆಯ ಮೆಟ್ಟಿಲ ಮೇಲೆ ಕೂತು ಕ್ಯಾನು ತೊಳೆಯುವುದನ್ನು ಮಂಡ್ಯದಲ್ಲಿ ಯಾರಾದರೂ ನೋಡಿರಬಹುದು. ರೈತ ಅಣ್ಣಂದಿರೇ, ಖಾಲಿ ಡಬ್ಬವನ್ನು ಮೂರು ಸಲ ಗದ್ದೆಯಲ್ಲೇ ಜಾಲಿಸಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆಯಿರಿ. ನಾಲೆಯ ನೀರು ಮುಂದೆ ಹೊಳೆಗೇ ಸೇರುತ್ತದೆ.