ಮೊದಲು ಹಾಡಿಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಸಂಗೀತ ನಾಟಕವೊಂದನ್ನು ಮತ್ತೆ ಆಡಬೇಕು ಅಂತ ಓಡಾಡುತ್ತಿರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಜಾತ್ರೆಗೆ ಕಂಪನಿ ನಾಟಕ ಆಡಿಸುವ ಊರಿನ ಹಿರಿಯರು, ಪಟ್ಟಣದ ಹವ್ಯಾಸಿ ತಂಡದವರು, ಕಾಲೇಜಿನ ಹುಡುಗ ಹುಡುಗಿಯರು. ಮೊದಲ ಸಭೆಯಲ್ಲೇ ಒಂದು ಪ್ರಶ್ನೆ ಏಳುತ್ತದೆ. ಮುಖ್ಯ ಪಾತ್ರಕ್ಕೆ ಯಾರನ್ನು ಕರೆಸೋಣ? ಒಬ್ಬರು ಸೀರಿಯಲ್ ನಟಿಯ ಹೆಸರು ಹೇಳುತ್ತಾರೆ. ಇನ್ನೊಬ್ಬರು ಸಿನಿಮಾದವರ ಹೆಸರು ತೆಗೆಯುತ್ತಾರೆ. ಬ್ಯಾನರಿನಲ್ಲಿ ಯಾರ ಮುಖ ದೊಡ್ಡದಾಗಿ ಹಾಕಬೇಕು ಅನ್ನುವ ತನಕ ಚರ್ಚೆ ಹೋಗುತ್ತದೆ. ಅವರು ಹಾಡುತ್ತಾರಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಹೇಳಬೇಕಾದ್ದು ಒಂದೇ ಮಾತು. ಮೊದಲು ಹಾಡಿಸಿ ನೋಡಿ. ಹೆಸರಿನ ವಿಷಯ ಆಮೇಲೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಡೆದದ್ದು. ನಮ್ಮ ಕಂಪನಿ ನಾಟಕದ ಹಾಗೇ ಮಾತು, ಹಾಡು, ಕುಣಿತ ಎಲ್ಲ ಕೂಡಿದ ನಾಟಕಗಳನ್ನು ಅಲ್ಲಿ ಟಿಕೆಟ್ ಇಟ್ಟು ಆಡುತ್ತಾರೆ. ವಾರಕ್ಕೆ 8 ಆಟ. ಕೆಲವು ದಿನ ಮಧ್ಯಾಹ್ನ ಒಂದು, ರಾತ್ರಿ ಒಂದು. ಈ 8 ಅನ್ನುವ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

1964ರ ಮಾರ್ಚಿನಲ್ಲಿ ಅಲ್ಲಿ 'ಫನ್ನಿ ಗರ್ಲ್' ಅನ್ನುವ ನಾಟಕ ಶುರುವಾಯಿತು. ಫ್ಯಾನಿ ಬ್ರೈಸ್ ಅನ್ನುವ ಹಾಸ್ಯನಟಿಯ ಬದುಕಿನ ಕಥೆ. ಆಕೆ ನಿಜವಾಗಿ ಇದ್ದವರು, ಬಹಳ ಹೆಸರಾಗಿದ್ದವರು. ಸಂಗೀತ ಜೂಲ್ ಸ್ಟೈನ್ ಅವರದು. ಫ್ಯಾನಿಯ ಪಾತ್ರಕ್ಕೆ ಮೊದಲು ಮೇರಿ ಮಾರ್ಟಿನ್, ಆನ್ ಬ್ಯಾಂಕ್ರಾಫ್ಟ್ ಅಂಥ ದೊಡ್ಡ ದೊಡ್ಡ ಹೆಸರುಗಳು ಓಡಾಡಿದ್ದವು. ಕೊನೆಗೆ ಪಾತ್ರ ಸಿಕ್ಕಿದ್ದು ಬಾರ್ಬ್ರಾ ಸ್ಟ್ರೈಸಾಂಡ್ ಅನ್ನುವ ಹುಡುಗಿಗೆ. ನಾಟಕ ಶುರುವಾದಾಗ ಆಕೆಗೆ 21 ವರ್ಷ. ಅದಕ್ಕೆ ಮೊದಲು ಬ್ರಾಡ್‌ವೇಯಲ್ಲಿ ಮಾಡಿದ್ದು ಒಂದು ಚಿಕ್ಕ ಪಾತ್ರ. ಆದರೆ ಆ ಕಂಠ! ನಾಟಕ 1,348 ಆಟ ಕಂಡಿತು.

ಆ ಪಾತ್ರ ಎಷ್ಟು ಕಷ್ಟ ಅಂತ ಹೇಳುತ್ತೇನೆ ಕೇಳಿ. ಫ್ಯಾನಿ ನಗಿಸಬೇಕು, ಅಳಿಸಬೇಕು, ಕುಣಿಯಬೇಕು. ರಂಗ ಬಿಟ್ಟು ಹೋಗುವುದೇ ಅಪರೂಪ. ಮೊದಲ ಅಂಕದ ಕೊನೆಗೆ ಒಂದು ಹಾಡು ಇದೆ. ಎಲ್ಲರೂ ಬೇಡ ಬೇಡ ಅಂದರೂ ಕೇಳದೆ ತಾನು ಪ್ರೀತಿಸಿದವನ ಹಿಂದೆ ಹೊರಡುವ ಗಳಿಗೆ ಅದು. ಮಾತುಗಳು ದಡಬಡ ಓಡುತ್ತವೆ. ಉಸಿರು ತೆಗೆದುಕೊಳ್ಳೋಕೆ ಜಾಗ ಇಲ್ಲ. ಕೊನೆಯ ಸ್ವರವನ್ನು ಎದೆಯಿಂದ ಎತ್ತಿ ಹಿಡಿದು ನಿಲ್ಲಿಸಬೇಕು. ಅಷ್ಟು ಮಾಡಿ ವಿರಾಮದ ನಂತರ ಮತ್ತೆ ಬಂದು ಹಾಡಬೇಕು. ವಾರಕ್ಕೆ 8 ಸಲ.

1967ರಲ್ಲಿ ಆ ಆಟಗಳು ಮುಗಿದ ಮೇಲೆ ಸುಮಾರು 55 ವರ್ಷ ಬ್ರಾಡ್‌ವೇಯಲ್ಲಿ ಯಾರೂ ಈ ನಾಟಕವನ್ನು ಮತ್ತೆ ಆಡಲಿಲ್ಲ. ಫ್ಯಾನಿ ಅಂದರೆ ಸ್ಟ್ರೈಸಾಂಡ್ ಅಂತಲೇ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೊನೆಗೆ 2022ರ ಏಪ್ರಿಲ್ 24ರಂದು ಪರದೆ ಎದ್ದಿತು. ಅವತ್ತು ಸ್ಟ್ರೈಸಾಂಡ್ ಅವರ 80ನೇ ಹುಟ್ಟುಹಬ್ಬ! ಫ್ಯಾನಿಯಾಗಿ ಬಂದವರು ಬೀನಿ ಫೆಲ್ಡ್‌ಸ್ಟೀನ್. ಸಿನಿಮಾಗಳಿಂದ ಜನಪ್ರಿಯರಾದ ಯುವ ನಟಿ. ಚೆನ್ನಾಗಿ ನಗಿಸುತ್ತಾರೆ, ನೋಡಿದರೆ ಪ್ರೀತಿ ಹುಟ್ಟುತ್ತದೆ. ವಿಮರ್ಶಕರೂ ಅದನ್ನು ಒಪ್ಪಿದರು. ಆದರೆ ಈ ಹಾಡುಗಳಿಗೆ ಕಂಠ ಸಾಲದು ಅಂತ ಹಲವರು ಬರೆದರು. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಯ ಪಟ್ಟಿ ಬಂದಾಗ ಇಡೀ ನಾಟಕಕ್ಕೆ ಸಿಕ್ಕ ನಾಮನಿರ್ದೇಶನ ಒಂದೇ ಒಂದು. ಅದೂ ಕುಣಿತದಲ್ಲಿ ಮಿಂಚಿದ ಜೇರೆಡ್ ಗ್ರೈಮ್ಸ್ ಅನ್ನುವ ಪೋಷಕ ನಟನಿಗೆ. ಜುಲೈ 31ಕ್ಕೆ ಬೀನಿ ನಾಟಕ ಬಿಟ್ಟರು.

ಇದರಲ್ಲಿ ಆಕೆಯ ತಪ್ಪು ಏನೂ ಇಲ್ಲ. ಆರಿಸಿದವರ ತಪ್ಪು. ಒಳ್ಳೆಯ ನಟಿಯನ್ನು ಹೊರಲಾರದ ಭಾರದ ಕೆಳಗೆ ನಿಲ್ಲಿಸಿದರು.

ಈಗ ನೋಡಿ ಮಜಾ. ಆಗಸ್ಟ್ ತಿಂಗಳು ಪಾತ್ರ ಮಾಡಿದವರು ಜೂಲಿ ಬೆಂಕೋ. ಮುಖ್ಯ ನಟಿಗೆ ಆರೋಗ್ಯ ಕೆಟ್ಟರೆ ಬೇಕಾಗುತ್ತದೆ ಅಂತ ಇಡೀ ಪಾತ್ರ ಕಲಿತು ಒಳಗೆ ಕಾದು ಕೂತಿದ್ದವರು. ಹೊರಗಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಆಕೆ ಹಾಡಿದರು, ಜನ ಮೆಚ್ಚಿದರು, ಪತ್ರಿಕೆಗಳು ಬರೆದವು. ಸೆಪ್ಟೆಂಬರ್ 6ಕ್ಕೆ ಲೀ ಮಿಷೆಲ್ ಬಂದರು. ಇವರು ಮಗುವಾಗಿದ್ದಾಗಲೇ ಬ್ರಾಡ್‌ವೇ ರಂಗದ ಮೇಲೆ ಹಾಡಿದವರು. ನಾನು ಹೇಳಿದೆನಲ್ಲ, ಮೊದಲ ಅಂಕದ ಕೊನೆಯ ಹಾಡು, ಅದನ್ನು 'ಗ್ಲೀ' ಅನ್ನುವ ಟಿವಿ ಧಾರಾವಾಹಿಯಲ್ಲಿ 2009ರಲ್ಲೇ ಹಾಡಿ ತೋರಿಸಿದ್ದರು. ಹೆಸರೂ ಇತ್ತು, ಕಂಠವೂ ಇತ್ತು. ಮೊದಲ ರಾತ್ರಿ ಆಟದ ನಡುವೆಯೇ ಜನ ಮತ್ತೆ ಮತ್ತೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ವಾರದ ಗಳಿಕೆ 20 ಲಕ್ಷ ಡಾಲರ್ ದಾಟಿದ ವಾರಗಳೂ ಬಂದವು. ಅದೇ ನಾಟಕ. ಅದೇ ಥಿಯೇಟರು. ಅದೇ ನಿರ್ದೇಶಕ. ಬದಲಾದ ದೊಡ್ಡ ಸಂಗತಿ ಕಂಠ. 2023ರ ಸೆಪ್ಟೆಂಬರ್ ತನಕ ನಾಟಕ ಓಡಿತು. ಜೂಲಿ ಬೆಂಕೋ ಅವರನ್ನು ಹಿಂದಕ್ಕೆ ಕಳಿಸಲಿಲ್ಲ ಅನ್ನುವುದು ನನಗೆ ಇನ್ನೂ ಖುಷಿ. ಗುರುವಾರದ ಆಟ ಅವರದೇ ಆಯಿತು.

ಅದಕ್ಕೇ ಹೇಳುವುದು, ಮೊದಲು ಹಾಡಿಸಿ ನೋಡಿ ಅಂತ.

"ಈಗ ಮೈಕ್ ಇದೆಯಲ್ಲ ಸಾರ್" ಅಂತ ನನಗೆ ಎಲ್ಲ ಕಡೆ ಹೇಳುತ್ತಾರೆ. ಮೈಕ್ ಅನ್ನುವುದು ಪಂಪ್‌ಸೆಟ್ ಇದ್ದ ಹಾಗೆ. ಬಾವಿಯಲ್ಲಿ ನೀರಿದ್ದರೆ ಎತ್ತುತ್ತದೆ. ಉಸಿರು ಇಲ್ಲದವರಿಗೆ ಮೈಕ್ ಉಸಿರು ಕೊಡುವುದಿಲ್ಲ. ಶ್ರುತಿ ಬಿಟ್ಟವರ ಅಪಶ್ರುತಿಯನ್ನು ಇನ್ನೂ ದೂರಕ್ಕೆ ಕೇಳಿಸುತ್ತದೆ, ಅಷ್ಟೇ.

ಇನ್ನು ಕೆಲವರು ಟ್ರ್ಯಾಕ್ ಹಾಕಿಬಿಡೋಣ ಅನ್ನುತ್ತಾರೆ. ಒಂದು ಊರಿನಲ್ಲಿ ನಾನೇ ಕೂತು ನೋಡಿದ್ದೇನೆ. ಟಿವಿ ನಟಿ ತುಟಿ ಆಡಿಸುತ್ತಿದ್ದಾರೆ, ಹಾಡು ಪೆಟ್ಟಿಗೆಯಿಂದ ಬರುತ್ತಿದೆ. ಹಾರ್ಮೋನಿಯಂ ಮಾಸ್ತರು ಕೈ ಕಟ್ಟಿ ಕೂತಿದ್ದಾರೆ. ಎರಡನೇ ಹಾಡಿಗೇ ಮುಂದಿನ ಸಾಲಿನವರು ಬೀಡಾ ಅಂಗಡಿ ಕಡೆ ಎದ್ದು ಹೋದರು. ಸಿನಿಮಾದಲ್ಲಿ ಇದು ನಡೆಯುತ್ತದೆ. 'ಮೈ ಫೇರ್ ಲೇಡಿ' ನಾಟಕದಲ್ಲಿ 1956ರಲ್ಲಿ ಹಾಡಿದವರು ಜೂಲಿ ಆಂಡ್ರೂಸ್. 1964ರ ಸಿನಿಮಾಗೆ ಹೆಚ್ಚು ಹೆಸರಿನ ಆಡ್ರೆ ಹೆಪ್‌ಬರ್ನ್ ಬಂದರು, ಹಾಡುಗಳನ್ನು ಬಹುಪಾಲು ಹಾಡಿದವರು ಮಾರ್ನಿ ನಿಕ್ಸನ್. ಪರದೆಯ ಮೇಲೆ ಅದು ಸರಿ. ರಂಗದ ಮೇಲೆ ಜನ ನೋಡೋಕೆ ಬರುವುದೇ ಮನುಷ್ಯರು ಕಣ್ಣೆದುರು ನಿಂತು ಹಾಡುವುದನ್ನು. ಅಲ್ವಾ?

ಸಮಯ ಓಡುತ್ತಿದೆ. ಇನ್ನೊಂದು ಮಾತು ಬೇಗ ಹೇಳುತ್ತೇನೆ. ಕಂಠ ಸಿಕ್ಕಿದ ಮೇಲೆ ಆ ಕಂಠದಿಂದ ಹಳಬರ ನಕಲು ಮಾಡಿಸಬೇಡಿ. ಬ್ರಾಡ್‌ವೇಯ 'ಜಿಪ್ಸಿ' ನಾಟಕದ ತಾಯಿ ರೋಸ್ ಪಾತ್ರವನ್ನು 1959ರಲ್ಲಿ ಎಥೆಲ್ ಮರ್ಮನ್ ಮಾಡಿದರು. ಆಮೇಲೆ ಆಂಜೆಲಾ ಲ್ಯಾನ್ಸ್‌ಬರಿ, ಟೈನ್ ಡೇಲಿ, ಬರ್ನಡೆಟ್ ಪೀಟರ್ಸ್, ಪ್ಯಾಟಿ ಲುಪೋನ್, 2024ರಲ್ಲಿ ಆಡ್ರಾ ಮೆಕ್‌ಡೊನಾಲ್ಡ್. ಒಬ್ಬೊಬ್ಬರ ರೋಸ್ ಒಂದೊಂದು ಥರ. ಮರ್ಮನ್ ಥರ ಹಾಡುವವರೇ ಬೇಕು ಅಂತ ಹಟ ಹಿಡಿದಿದ್ದರೆ ಇವರು ಯಾರೂ ಸಿಗುತ್ತಿರಲಿಲ್ಲ.

ನಮ್ಮ ಪಕ್ಕದ ಮರಾಠಿಯಲ್ಲೂ ನೋಡಿ. 'ಕಟ್ಯಾರ್ ಕಾಳಜಾತ್ ಘುಸಲಿ' 1967ರ ಸಂಗೀತ ನಾಟಕ. ಖಾನ್‌ಸಾಹೇಬನ ಪಾತ್ರ ಅಂದರೆ ವಸಂತರಾವ್ ದೇಶಪಾಂಡೆ. 2010ರಲ್ಲಿ ಸುಬೋಧ್ ಭಾವೆ ಅದನ್ನು ಮತ್ತೆ ರಂಗಕ್ಕೆ ತಂದಾಗ ಆ ಪಾತ್ರಕ್ಕೆ ಬಂದವರು ವಸಂತರಾವ್ ಅವರ ಮೊಮ್ಮಗ ರಾಹುಲ್ ದೇಶಪಾಂಡೆ. ಮೊಮ್ಮಗ ಅನ್ನುವ ಕುತೂಹಲಕ್ಕೆ ಜನ ಒಂದು ಸಲ ಬರುತ್ತಾರೆ. ಮತ್ತೆ ಮತ್ತೆ ಬಂದದ್ದು ಅವರು ಪಳಗಿದ ಗಾಯಕ ಅನ್ನುವುದಕ್ಕೆ. ನಮ್ಮ 'ಸದಾರಮೆ'ಯೂ ಹಾಗೇ. ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರದಲ್ಲಿ ಮೆರೆದ ಆ ನಾಟಕವನ್ನು ಅವರ ಮೊಮ್ಮಗಳು ಬಿ. ಜಯಶ್ರೀ ಹೊಸ ಕಾಲದ ಜನರ ಮುಂದೆ ತಂದರು. ಜಯಶ್ರೀ ಅವರ ದನಿ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಹಾಡಿಸಿ ನೋಡುವುದು ಹೇಗೆ? ಬೆಳಿಗ್ಗೆ ಕಾಫಿ ಕುಡಿದು ಕೂತು ಒಂದು ಭಾವಗೀತೆ ಹಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ನಾಟಕದ ಅತಿ ಕಷ್ಟದ ಹಾಡನ್ನೇ ತೆಗೆಯಿರಿ. ಸಂಜೆ ಕರೆಸಿ. ಮೊದಲು ಕುಣಿತ ಮಾಡಿಸಿ, ಮಾತು ಹೇಳಿಸಿ, ಸುಸ್ತಾದ ಮೇಲೆ ಹಾಡಿಸಿ. ಹಾರ್ಮೋನಿಯಂ ಇರಲಿ, ಮೈಕ್ ಬೇಡ. ನಿಮ್ಮಲ್ಲಿ ಒಬ್ಬರು ಹೋಗಿ ಕೊನೆಯ ಸಾಲಿನಲ್ಲಿ ಕೂತು ಸಾಹಿತ್ಯ ತಿಳಿಯುತ್ತಾ ಅಂತ ಕೇಳಿ. ಮರುದಿನ ಮತ್ತೆ ಕರೆಸಿ ಅದೇ ಹಾಡು ಹಾಡಿಸಿ. ಎರಡನೇ ದಿನವೂ ಗಂಟಲು ಗಟ್ಟಿಯಾಗಿದ್ದರೆ ಕಣ್ಣು ಮುಚ್ಚಿ ಪಾತ್ರ ಕೊಡಿ. ಅವರು ಟಿವಿಯಲ್ಲಿ ಬಂದವರಾದರೆ ಸಂತೋಷ. ಪಕ್ಕದ ಓಣಿಯ ಟೀಚರಮ್ಮ ಆದರೂ ಅಷ್ಟೇ ಸಂತೋಷ.

ಅದೇ ಪಾತ್ರವನ್ನು ಇನ್ನೊಬ್ಬರಿಗೂ ಪೂರ್ತಿ ಕಲಿಸಿ ಇಟ್ಟುಕೊಳ್ಳಿ. ಒಂದು ಆಟವನ್ನಾದರೂ ಅವರಿಗೇ ಬಿಟ್ಟುಕೊಡಿ. ಕರಪತ್ರದಲ್ಲಿ ಅವರ ಹೆಸರನ್ನೂ ಅಚ್ಚು ಹಾಕಿಸಿ.

ನಮಸ್ಕಾರ.