ಅಸಿಸ್ಟೆಂಟ್‌ಶಿಪ್ ಸಿಕ್ಕಿದವರು ಗಂಟೆಯ ಲೆಕ್ಕ ಬರೆಯಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಫೆಬ್ರವರಿ ಕಳೆದು ಏಪ್ರಿಲ್ ಬರುವವರೆಗೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಎದ್ದ ಕೂಡಲೇ ಮೊಬೈಲ್ ನೋಡುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಿಂದ ಪ್ರವೇಶದ ಪತ್ರ ಬರುವ ಕಾಲ ಅದು. ಸೀಟಿನ ಜೊತೆಗೆ ಅಸಿಸ್ಟೆಂಟ್‌ಶಿಪ್ ಕೂಡ ಸಿಕ್ಕಿತೆಂದರೆ ಮನೆಯಲ್ಲಿ ಹಬ್ಬ. ಬೋಧನಾ ಶುಲ್ಕ ಮಾಫಿ, ತಿಂಗಳು ತಿಂಗಳು ಕೈಗೆ ಹಣ, ಸಾಲಕ್ಕೆಂದು ಬ್ಯಾಂಕಿಗೆ ಕೊಡಲು ತೆಗೆದಿಟ್ಟ ಸೈಟಿನ ಪತ್ರ ಮತ್ತೆ ಬೀರುವಿನೊಳಕ್ಕೆ. ಸಂತೋಷಪಡಿ, ಸಿಹಿ ಹಂಚಿ. ಆಮೇಲೆ ಸ್ವಲ್ಪ ಹೊತ್ತು ಕುಳಿತು ನನ್ನ ಮಾತು ಕೇಳಿ. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಯೋಜಕನಾಗಿ ಬಹಳ ವರ್ಷ ಇದ್ದವನು ನಾನು. ಈ ಹುದ್ದೆಗಳನ್ನು ಹಂಚಿದವನೂ ನಾನೇ, ಕೆಲವರಿಂದ ವಾಪಸ್ ಪಡೆದವನೂ ನಾನೇ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಹೊರಡುವ ಮುಂಚೆ ಒಂದು ನೋಟ್‌ಬುಕ್ ಕೊಳ್ಳಿ. ಕೆಲಸ ಮಾಡಿದ ಗಂಟೆಗಳನ್ನು ಅದರಲ್ಲಿ ಬರೆಯಿರಿ. ಪ್ರತಿದಿನ ಬರೆಯಿರಿ. ನಾನು ಹೇಳುವ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ.

ಯಾಕೆ ಎನ್ನುತ್ತೀರಾ? ಅಸಿಸ್ಟೆಂಟ್‌ಶಿಪ್ ಬಹುಮಾನವೆಂದು ನಮ್ಮವರು ತಿಳಿದಿದ್ದಾರೆ. ಅದು ಕೆಲಸಕ್ಕೆ ಕೊಡುವ ಸಂಬಳ. ಬೋಧನಾ ಸಹಾಯಕರಾದರೆ ಪದವಿ ತರಗತಿಯ ಮಕ್ಕಳಿಗೆ ಲ್ಯಾಬ್ ನಡೆಸಬೇಕು, ಉತ್ತರಪತ್ರಿಕೆ ತಿದ್ದಬೇಕು, ಅವರು ಸಂದೇಹ ಕೇಳಲು ಬರುವ ಹೊತ್ತಿಗೆ ಕೋಣೆಯಲ್ಲಿ ಕುಳಿತಿರಬೇಕು. ಸಂಶೋಧನಾ ಸಹಾಯಕರಾದರೆ ಪ್ರಾಧ್ಯಾಪಕರ ಯೋಜನೆಯಲ್ಲಿ ದುಡಿಯಬೇಕು. ಪತ್ರದಲ್ಲಿ ಸಾಮಾನ್ಯವಾಗಿ 0.50 ಎಂಬ ಅಂಕಿ ಇರುತ್ತದೆ. ಪೂರ್ಣ ಹುದ್ದೆ ವಾರಕ್ಕೆ 40 ಗಂಟೆ, ನಿಮ್ಮದು ಅದರ ಅರ್ಧ, 20 ಗಂಟೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ 20 ಸರ್ಕಾರವೇ ಎಳೆದ ಗೆರೆ. ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನ ಕೆಲಸಗಳೆಲ್ಲ ಸೇರಿ ವಾರಕ್ಕೆ ಅಷ್ಟೇ. ಬೋಧನಾ ಸಹಾಯಕರಾಗಿ 20 ಗಂಟೆ ದುಡಿದು, ಮತ್ತೆ ಗ್ರಂಥಾಲಯದ ಕೌಂಟರಿನಲ್ಲಿ ಐದು ಗಂಟೆ ಕೂರುವಂತಿಲ್ಲ.

ಇದು ಕೆಲಸದ ಕಡೆಯ ಷರತ್ತು. ಓದಿನ ಕಡೆಯದು ಇನ್ನೂ ಚಿಕ್ಕದು: ಬಿ ಸರಾಸರಿ ಉಳಿಸಿಕೊಳ್ಳಬೇಕು. ಅಂದರೆ 4ಕ್ಕೆ 3.0. ಹೆಚ್ಚಿನ ಕಡೆ ಇದೇ ಅಂಕಿ. ಇದಕ್ಕಿಂತ ಇಳಿದರೆ 'ಪ್ರೊಬೇಷನ್' ಎಂಬ ಎಚ್ಚರಿಕೆಯ ಪತ್ರ ಬರುತ್ತದೆ, ಮುಂದಿನ ಸೆಮಿಸ್ಟರಿನಲ್ಲಿ ಸರಿಪಡಿಸದಿದ್ದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಶುಲ್ಕದ ಮಾಫಿಯೂ ಹೋಗುತ್ತದೆ. 'ಪಾಸಾಯಿತಲ್ಲ, ಬಿಡಿ' ಎಂಬ ನಮ್ಮ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಸಿ ಬಂದರೆ ಫೇಲಾದ ಹಾಗೆಯೇ ಎಂದು ತಿಳಿಯಿರಿ.

ನಮ್ಮ ಮಕ್ಕಳು ಸೋಮಾರಿತನದಿಂದ ಹುದ್ದೆ ಕಳೆದುಕೊಂಡದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಅವರು ಮಿತಿಮೀರಿ ದುಡಿದು ಕಳೆದುಕೊಳ್ಳುತ್ತಾರೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಒಬ್ಬ ಹುಡುಗನ ಕಥೆ ಹೇಳುತ್ತೇನೆ.

ತಿಪಟೂರಿನ ಕಡೆಯವನು. ತಂದೆ ಕೊಬ್ಬರಿ ವ್ಯಾಪಾರಿ. ಹುಡುಗ ನಮ್ಮಲ್ಲಿಗೆ ಬಂದಾಗ ಅವನ ಅಂಕಪಟ್ಟಿ ನೋಡಿ ನಾನೇ ಮುತುವರ್ಜಿ ವಹಿಸಿ ಬೋಧನಾ ಸಹಾಯಕನ ಹುದ್ದೆ ಕೊಡಿಸಿದೆ. ಎರಡು ಲ್ಯಾಬ್ ತಂಡಗಳು, ತಂಡಕ್ಕೆ 24 ವಿದ್ಯಾರ್ಥಿಗಳು, ವಾರಕ್ಕೆ 48 ಲ್ಯಾಬ್ ವರದಿಗಳನ್ನು ತಿದ್ದಬೇಕು. ಮೊದಲ ಸೆಮಿಸ್ಟರ್ ಮುಗಿಯಿತು. ವಿದ್ಯಾರ್ಥಿಗಳು ಅವನನ್ನು ಹೊಗಳಿ ಬರೆದರು. ಅವನ ಫಲಿತಾಂಶ ಬಂತು: ಮೂರು ಕೋರ್ಸುಗಳಲ್ಲಿ ಒಂದು ಬಿ, ಒಂದು ಬಿ ಮೈನಸ್, ಒಂದು ಸಿ ಪ್ಲಸ್. ಅಂಕಿಯಲ್ಲಿ 3.0, 2.7, 2.3. ಕೂಡಿ ಭಾಗಿಸಿದರೆ 2.67. ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಬೇಕಾದವನು ನಾನು.

ಕರೆಸಿ ಕೇಳಿದೆ, "ಏನಪ್ಪಾ, ಓದಲಿಲ್ಲವೇ?" ಎಂದು. "ಹೊತ್ತು ಸಿಗಲಿಲ್ಲ ಸಾರ್" ಎಂದ. ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಿದ್ದೆ ಎಂದರೆ ಗೊತ್ತಿಲ್ಲ. ಸುಮಾರಾಗಿ ಹೇಳು ಎಂದರೂ ಗೊತ್ತಿಲ್ಲ. ಕಾಗದ ತೆಗೆದುಕೊಂಡು ಇಬ್ಬರೂ ಕುಳಿತೆವು. ಒಂದು ವರದಿ ತಿದ್ದಲು ಎಷ್ಟು ಹೊತ್ತು? 25 ನಿಮಿಷ. ಊರಿನಲ್ಲಿ ಅವನ ಮೇಷ್ಟ್ರು ರೆಕಾರ್ಡ್ ಬುಕ್ಕಿನ ಪ್ರತಿ ಪುಟದಲ್ಲೂ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಿದ್ದರಂತೆ, ಇವನೂ ಹಾಗೆಯೇ ಬರೆಯುತ್ತಿದ್ದ. ವ್ಯಾಕರಣ ಕೂಡ ತಿದ್ದುತ್ತಿದ್ದ! 48 ವರದಿ, ತಲಾ 25 ನಿಮಿಷ. ಗುಣಿಸಿ ನೋಡಿ. ಇಪ್ಪತ್ತು ಗಂಟೆ ಅಲ್ಲಿಗೇ ಮುಗಿಯಿತು. ಲ್ಯಾಬಿನಲ್ಲಿ ನಿಲ್ಲುವುದು ಆರು ಗಂಟೆ, ಅದರ ತಯಾರಿ ಎರಡು, ಸಂದೇಹ ಕೇಳುವವರಿಗಾಗಿ ಎರಡು, ಪ್ರಾಧ್ಯಾಪಕರ ಜೊತೆ ಸಭೆ ಒಂದು. ಒಟ್ಟು 31. ಪರೀಕ್ಷೆಯ ವಾರಗಳಲ್ಲಿ ಇನ್ನೂ ಹೆಚ್ಚು.

ಆ ಲ್ಯಾಬಿನ ಪ್ರಾಧ್ಯಾಪಕರನ್ನು ವಿಚಾರಿಸಿದೆ. ಒಳ್ಳೆಯ ಮನುಷ್ಯ. "ಅವನಿಗೆ ವಾರಕ್ಕೆ ಹದಿನೈದು ಗಂಟೆಯ ಕೆಲಸ ಇರಬಹುದು" ಎಂದರು. ನೋಡಿದಿರಾ? ಕೆಲಸ ಹೇಳಿದವರಿಗೇ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಹುಡುಗ ಬರೆದಿಟ್ಟಿರಲಿಲ್ಲ, ಹೇಳಿರಲಿಲ್ಲ, ಹೇಳಿದರೆ ತನಗೆ ಕೆಲಸ ಬರುವುದಿಲ್ಲ ಎಂದುಕೊಳ್ಳುತ್ತಾರೆಂದು ಹೆದರಿದ್ದ.

ಹೆದರಿದ ಹುಡುಗ ಇನ್ನೂ ಒಂದು ಅನಾಹುತಕ್ಕೆ ಹೊರಟಿದ್ದ. ಮುಂದಿನ ಸೆಮಿಸ್ಟರಿನಲ್ಲಿ ಒಂದು ಕೋರ್ಸು ಬಿಟ್ಟುಬಿಡುತ್ತೇನೆ, ಹೊರೆ ಕಡಿಮೆಯಾಗುತ್ತದೆ ಎಂದ. ಕೋರ್ಸಿನ ತೂಕವನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ, ಅವನ ಒಂದೊಂದು ಕೋರ್ಸಿಗೂ ಮೂರು. ನಮ್ಮಲ್ಲಿ ಪೂರ್ಣಕಾಲಿಕ ವಿದ್ಯಾರ್ಥಿಗೆ 9 ಕ್ರೆಡಿಟ್ ಬೇಕಿತ್ತು, ಅವನ ಬಳಿ ಇದ್ದದ್ದು ಸರಿಯಾಗಿ ಒಂಬತ್ತೇ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಇಲ್ಲದೆ ಆರಕ್ಕೆ ಇಳಿದಿದ್ದರೆ ವೀಸಾದ ಷರತ್ತೇ ಮುರಿದು ಬೀಳುತ್ತಿತ್ತು. ಕಾಲೇಜು ಬಿಟ್ಟರೂ ಊರು ಬಿಡಬೇಕಿಲ್ಲ ಎಂಬ ನಮ್ಮ ಲೆಕ್ಕ ಅಲ್ಲಿ ಹೊಂದುವುದಿಲ್ಲ.

ಈ ನಡುವೆ ತಿಪಟೂರಿನಿಂದ ಫೋನ್. "ಸ್ವಾಮಿ, ನೀವೂ ನಮ್ಮ ಕಡೆಯವರಂತೆ. ಹುಡುಗ ಸರಿಯಾಗಿ ಮಾತಾಡುತ್ತಿಲ್ಲ. ಅಂಕ ಎಷ್ಟು ಬಂದಿದೆ, ಅಷ್ಟು ಹೇಳಿ ಸಾಕು." ನಾನು ಹೇಳುವ ಹಾಗಿರಲಿಲ್ಲ. ಅಮೆರಿಕದಲ್ಲಿ 1974ರ ಒಂದು ಕಾಯಿದೆ ಇದೆ, ಫೆರ್ಪಾ ಎನ್ನುತ್ತಾರೆ. ವಿದ್ಯಾರ್ಥಿಯ ಅಂಕ ವಿದ್ಯಾರ್ಥಿಯ ಸ್ವತ್ತು, ಅವನ ಒಪ್ಪಿಗೆ ಇಲ್ಲದೆ ಹೆತ್ತವರಿಗೂ ಹೇಳುವಂತಿಲ್ಲ. ಅಪ್ಪನಿಗೆ ಅರ್ಥವಾಗಲಿಲ್ಲ. "ಫೀಸು ಕಟ್ಟುವುದಕ್ಕೆ ಅಪ್ಪ ಬೇಕು, ಅಂಕ ಕೇಳುವುದಕ್ಕೆ ಬೇಡವೇ?" ಎಂದರು. ಫೀಸು ನೀವು ಕಟ್ಟುತ್ತಿಲ್ಲವಲ್ಲ ಎನ್ನಬೇಕೆನ್ನಿಸಿತು, ಎನ್ನಲಿಲ್ಲ. ಬದಲಿಗೆ ಕೇಳಿದೆ: "ನಿಮ್ಮ ಮಂಡಿಯಲ್ಲಿ ಎಷ್ಟು ಮೂಟೆ ಬಂತು, ಎಷ್ಟು ಹೋಯಿತು ಎಂದು ದಿನವೂ ಬರೆಯುತ್ತೀರೋ, ತಿಂಗಳ ಕೊನೆಗೆ ನೆನಪಿನಿಂದ ಹೇಳುತ್ತೀರೋ?" ಅವರು ನಕ್ಕರು. "ನೆನಪಿನಿಂದ ಹೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಸ್ವಾಮಿ." "ಹಾಗಾದರೆ ಮಗನಿಗೂ ಅದನ್ನೇ ಕಲಿಸಿ" ಎಂದೆ.

ಕಲಿಸಿದರು. ಅಪ್ಪ ಹೇಳಿದ್ದನ್ನು ಹುಡುಗ ನನ್ನ ಮಾತಿಗಿಂತ ಬೇಗ ಕೇಳಿದ. ಗಂಟೆ ಬರೆಯಲು ತೊಡಗಿದ ಎರಡನೆಯ ವಾರದಲ್ಲೇ ಪುಸ್ತಕ ಹಿಡಿದು ಪ್ರಾಧ್ಯಾಪಕರ ಬಳಿ ಹೋದ. ಅವರು ದಂಗಾಗಿ, ಕೂತು ಒಂದು ಅಂಕಸೂಚಿ ಮಾಡಿಕೊಟ್ಟರು: ಲೆಕ್ಕಕ್ಕೆ ಇಷ್ಟು, ನಕ್ಷೆಗೆ ಇಷ್ಟು, ತೀರ್ಮಾನಕ್ಕೆ ಇಷ್ಟು, ಕೊನೆಗೆ ಒಂದು ಸಾಲಿನ ಷರಾ, ಸಾಕು. ಒಂದು ವರದಿಗೆ ಎಂಟು ನಿಮಿಷ. ಆರೂವರೆ ಗಂಟೆಯಲ್ಲಿ 48 ಮುಗಿಯಿತು. ಒಟ್ಟು ಹದಿನೇಳೂವರೆ. ಕೆಂಪು ಶಾಯಿಯ ಷರಾಗಳು ನಿಂತವು ಎಂದು ಒಬ್ಬ ವಿದ್ಯಾರ್ಥಿಯೂ ದೂರಲಿಲ್ಲ. ಅವರು ಓದುತ್ತಿದ್ದರೆ ತಾನೇ ದೂರುವುದು!

ಇನ್ನು ಅಂಕದ ಲೆಕ್ಕ. ಇದನ್ನು ತಂದೆತಾಯಂದಿರೂ ಕೇಳಿ. 2.67ಕ್ಕೆ ಇಳಿದವನು 3.0ಕ್ಕೆ ಏರಬೇಕಾದರೆ ಮುಂದಿನ ಸಲ ಬಿ ತೆಗೆದರೆ ಸಾಲದು. ಮೂರರಲ್ಲೂ ಬಿ ಪ್ಲಸ್, ಅಂದರೆ 3.3, ತೆಗೆದರೂ ಎರಡು ಸೆಮಿಸ್ಟರಿನ ಒಟ್ಟು ಸರಾಸರಿ 2.98. ಎರಡು ಬಿ ಪ್ಲಸ್, ಒಂದು ಎ ಮೈನಸ್, ಅಂದರೆ 3.7, ಬಂದರೆ 3.05, ಆಗ ದಡ. ಹುಡುಗನಿಗೆ ಸರಿಯಾಗಿ ಅದೇ ಬಂತು. ಮೊದಲ ಸೆಮಿಸ್ಟರಿನಲ್ಲಿ ತಿಂದ ಪೆಟ್ಟಿಗೆ ಎರಡನೆಯದರಲ್ಲಿ ಎಷ್ಟು ದುಬಾರಿ ಬೆಲೆ ನೋಡಿ! ಅದಕ್ಕೇ ಹೇಳುತ್ತೇನೆ, ಮೊದಲ ವಾರದಿಂದಲೇ ಗಂಟೆ ಬರೆಯಿರಿ.

ಕಥೆ ಉದ್ದವಾಯಿತು, ಗಾಜಿನ ಆಚೆಯಿಂದ ಕೈಸನ್ನೆ ಶುರುವಾಗಿದೆ. ಉಳಿದದ್ದನ್ನು ಓಡಿಸುತ್ತೇನೆ.

ಗಂಟೆ ಎಣಿಸುವುದು ಗುರುಗಳಿಗೆ ಅಗೌರವ ಎಂದು ಕೆಲವರಿಗೆ ಅನ್ನಿಸುತ್ತದೆ. ದಯವಿಟ್ಟು ಅದನ್ನು ತಲೆಯಿಂದ ತೆಗೆಯಿರಿ. ಆ ದೇಶದಲ್ಲಿ ಇದಕ್ಕಾಗಿ ಚಳವಳಿಗಳೇ ನಡೆದಿವೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಬೋಧನಾ ಸಹಾಯಕರು 1966ರಲ್ಲೇ ಸಂಘ ಕಟ್ಟಿ, 1970ರಲ್ಲಿ ಮುಷ್ಕರ ಹೂಡಿ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡರು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 48,000 ಶೈಕ್ಷಣಿಕ ನೌಕರರು ಮುಷ್ಕರಕ್ಕೆ ಇಳಿದರು, ಅವರಲ್ಲಿ ಬೋಧನಾ ಸಹಾಯಕರೂ ಸಂಶೋಧನಾ ವಿದ್ಯಾರ್ಥಿಗಳೂ ಇದ್ದರು. ಅಲ್ಲಿನ ಬೋಧನಾ ಸಹಾಯಕರ ಒಪ್ಪಂದದಲ್ಲಿ ಅರ್ಧ ಹುದ್ದೆಗೆ ಒಂದು ಸೆಮಿಸ್ಟರಿಗೆ 340 ಗಂಟೆ ಎಂದು ಬರೆದೇ ಇದೆ. ವಿಶ್ವವಿದ್ಯಾಲಯವೇ ಎಣಿಸುವಾಗ ನಿಮಗೇನು ಸಂಕೋಚ?

ಸಂಶೋಧನಾ ಸಹಾಯಕರಿಗೆ ತೊಡಕು ಬೇರೆ. ಗೈಡ್ ಹೇಳಿದ ಕೆಲಸ ಯಾವುದು, ನಿಮ್ಮ ಪ್ರಬಂಧದ ಕೆಲಸ ಯಾವುದು ಎಂಬುದು ಅಲ್ಲಿ ಕಲಸಿಹೋಗುತ್ತದೆ. ಮೊದಲ ವಾರವೇ ಕೇಳಿಬಿಡಿ, ಎರಡಕ್ಕೂ ಬೇರೆ ಬೇರೆ ಪುಟ ಇಡಿ. ಕ್ಯಾಂಪಸ್ಸಿನ ಹೊರಗೆ, ಅನುಮತಿ ಇಲ್ಲದೆ, ಹೋಟೆಲಿನಲ್ಲಿ ಪೆಟ್ರೋಲ್ ಬಂಕಿನಲ್ಲಿ ನಗದಿಗೆ ದುಡಿಯುವ ಆಲೋಚನೆ ಇದ್ದವರು ಹೋಗುವುದೇ ಬೇಡ, ಇಲ್ಲೇ ಇರಿ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಆಗ ಯಾವ ಸಂಯೋಜಕನೂ ಉಳಿಸಲಾರ. ಪರಿಚಯದ ಹುಡುಗ ಎಂದು ಎರಡು ಅಂಕ ಹೆಚ್ಚು ಹಾಕಿದವರನ್ನೂ ಅಷ್ಟೇ. ಪಾಠ ಹೇಳುವವರಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ ಇರುತ್ತದೆ, ಈಗಿನಿಂದಲೇ ಕನ್ನಡಿಯ ಮುಂದೆ ನಿಂತು ಒಂದು ಲೆಕ್ಕವನ್ನು ವಿವರಿಸುವ ಅಭ್ಯಾಸ ಮಾಡಿ. ಕೈಗೆ ಬರುವ ಹಣಕ್ಕೆ ತೆರಿಗೆ ಇದೆ. ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ, ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಹುದ್ದೆ ಸಾಮಾನ್ಯವಾಗಿ ಒಂಬತ್ತು ತಿಂಗಳದ್ದು, ಬೇಸಿಗೆಯ ಖರ್ಚಿಗೆ ಮೊದಲೇ ಹಣ ಎತ್ತಿಡಿ.

ಕಡೆಯದಾಗಿ, ಈಗ ಪತ್ರ ಕೈಯಲ್ಲಿ ಹಿಡಿದವರಿಗೆ. 'ಮೂರು ದಿನದಲ್ಲಿ ಒಪ್ಪಿಗೆ ಕೊಡಿ' ಎಂದು ಅವಸರಪಡಿಸಿದರೆ ಗಾಬರಿಯಾಗಬೇಡಿ. ಅಮೆರಿಕದ ಗ್ರ್ಯಾಜುಯೇಟ್ ಶಾಲೆಗಳ ಮಂಡಳಿಯ ನಿರ್ಣಯವೊಂದಿದೆ. ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ಹಣಕಾಸಿನ ನೆರವಿನ ಪತ್ರ ಕೊಟ್ಟರೆ ಉತ್ತರಿಸಲು ನಿಮಗೆ ಏಪ್ರಿಲ್ 15ರವರೆಗೆ ಸಮಯ ಇರುತ್ತದೆ. ಆ ಸಮಯದಲ್ಲಿ ವಿಭಾಗಕ್ಕೆ ಒಂದು ಇ-ಮೇಲ್ ಬರೆಯಿರಿ. ವಾರಕ್ಕೆ ಎಷ್ಟು ಗಂಟೆ, ಹುದ್ದೆ ಉಳಿಯಲು ಎಷ್ಟು ಸರಾಸರಿ ಬೇಕು, ಮಾಫಿಯಲ್ಲಿ ಸೇರದ ಶುಲ್ಕಗಳು ಯಾವುವು ಎಂದು ಕೇಳಿ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಕೇಳಿ. ಬಂದ ಉತ್ತರವನ್ನು ಮುದ್ರಿಸಿ ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ. ನಮಸ್ಕಾರ.